ಸೂರ್ಯನ ಗಾಳಿ ಮತ್ತು ನನ್ನ ಖಾನಾವಳಿಯ ಬಾಗಿಲು

ಗೊತ್ತಿದ್ದದ್ದನ್ನು ನಾಲ್ಕು ಮಂದಿಗೆ ಹೇಳಿದಾಗೆಲ್ಲ ಅದು ಸುತ್ತಿ ಬಂದು ನನ್ನ ತಲೆಯ ಮೇಲೇ ಕೂತಿದೆ. ಆದರೂ ನಾನು ಹೇಳುವುದನ್ನು ಬಿಟ್ಟವಳಲ್ಲ. ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು ಖಾನಾವಳಿ ನಡೆಸುತ್ತಿದ್ದೆ. ಶಾಲೆಗೆ ಹೋಗದಿದ್ದರೂ ಓದು ನಾನೇ ಕಲಿತಿದ್ದೆ. ಎರಡು ಸಾವಿರದ ಮೂರರಲ್ಲಿ ಪತ್ರಿಕೆಯಲ್ಲಿ ಸೌರಮಾರುತದ ಸುದ್ದಿ ಓದಿದೆ. ಸೂರ್ಯನಿಂದ ಹೊರಡುವ ಕಣಗಳ ಆ ಗಾಳಿ ಕಾಂತಬಲವನ್ನೂ ಹೊತ್ತು ತರುತ್ತದೆ, ಆ ಬಲದ ದಿಕ್ಕು ಬದಲಾಗುತ್ತಲೇ ಇರುತ್ತದೆ. ದಕ್ಷಿಣಕ್ಕೆ ತಿರುಗಿ ಜೋರಾದರೆ ಇಲ್ಲಿನ ದಿಕ್ಸೂಚಿಯ ಮುಳ್ಳೂ ಕೂದಲೆಳೆಯಷ್ಟು ಅಲುಗುತ್ತದೆ. ಊಟಕ್ಕೆ ಬಂದವರಿಗೆ ಇಷ್ಟೇ ಹೇಳಿದೆ. ಇಷ್ಟಕ್ಕೇ ಎಂಥ ರಾಮಾಯಣ!

ಕೇಬಲ್ಲಿನವನು

ಕೇಬಲ್ ಟಿವಿಯವನು ಅದನ್ನು ಬಾಯಿಪಾಠ ಮಾಡಿಕೊಂಡ. ಚಿತ್ರ ಹೋದಾಗೆಲ್ಲ, "ಅಕ್ಕಾರ, ಸೂರ್ಯನ ಗಾಳಿ ಐತ್ರಿ, ನಾ ಏನ್ ಮಾಡ್ಲಿ?" ಒಂದು ದಿನ ಹೊರಗೆ ಹೋಗಿ ನೋಡಿದೆ. ಎಮ್ಮೆಯೊಂದು ಅವನ ವೈರನ್ನು ಕೊಂಬಿಗೆ ಸಿಕ್ಕಿಸಿಕೊಂಡು ನಿಂತಿತ್ತು.

"ಇದೇನಪಾ, ಇದೂ ಸೂರ್ಯನ ಗಾಳಿನ?"

"ಎಮ್ಮಿಗೂ ಬಡದಿರಬೇಕ್ರಿ."

ಮಾಸ್ತರರು

ದಿನಾ ಉಣ್ಣಲು ಬರುವ ಹೈಸ್ಕೂಲು ಮಾಸ್ತರರು ನಕ್ಕರು. "ಬಾಯಾರ, ಇದು ನಮ್ಮ ಪಠ್ಯದಾಗ ಇಲ್ಲ. ಪಠ್ಯದಾಗ ಇಲ್ಲಂದ್ರ ಸುಳ್ಳ."

ಸಿಟ್ಟು ನೆತ್ತಿಗೇರಿತು. "ನನ್ನ ರೊಟ್ಟಿನೂ ಪಠ್ಯದಾಗ ಇಲ್ರಿ ಸರ. ನೀಡ್ಲೋ ಬ್ಯಾಡೋ?"

ಮಾಸ್ತರರು ತಾಟು ಮುಂದೆ ಸರಿಸಿದರು.

ವಾಸ್ತು ಪಂಡಿತರು

ಮಾತು ಜಾಗದ ಮಾಲೀಕರಾದ ಸಾಹುಕಾರರ ಕಿವಿಗೆ ಬಿತ್ತು. ಆ ಗಾಳಿ ತಮ್ಮ ಕಟ್ಟಡಕ್ಕೂ ಬಡಿದೀತೆಂದು ಹೆದರಿ, ಪಕ್ಕದ ಇಂಡಿ ಊರಿನಿಂದ ವಾಸ್ತು ಪಂಡಿತರನ್ನು ಕರೆತಂದರು. ಪಂಡಿತರು ಹೊಸ್ತಿಲ ಮೇಲೆ ದಿಕ್ಸೂಚಿ ಇಟ್ಟು, ಮೇಲೆ ಕೈಯಾಡಿಸುತ್ತ, "ನೋಡ್ರಿ, ಮುಳ್ಳು ಹೆಂಗ ಕುಣೀತೈತಿ! ಸೂರ್ಯನ ಗಾಳಿ ಇಲ್ಲೇ ನುಗ್ಗಾಕತ್ತೈತಿ. ಈ ಬಾಗಲಾ ಮುಚ್ಚಿ ಹಿಂದಿನ ಸಂದ್ಯಾಗ ತಗೀರಿ" ಎಂದರು.

"ಮುಚ್ಚಿಸೂಣ್ರಿ" ಎಂದರು ಸಾಹುಕಾರರು.

ಬಸ್ಸಿಳಿದವರು ಹಿಂದಿನ ಸಂದಿಯಲ್ಲಿ ಖಾನಾವಳಿ ಹುಡುಕುತ್ತಾರೆಯೇ? ಒಲೆಯ ಮುಂದೆ ಕೂತು ಕಟ್ಟಿದ ನನ್ನ ಬದುಕು ಮುಳುಗಿದಂತೆಯೇ. ಕೂದಲೆಳೆಯಷ್ಟು ಅಲುಗಬೇಕಾದ ಮುಳ್ಳು ಬುಗುರಿಯಂತೆ ಯಾಕೆ ತಿರುಗಬೇಕು? ಪಂಡಿತರ ಕೈ ನೋಡಿದೆ. ಬಿ.ಪಿ.ಗೆ ಒಳ್ಳೆಯದೆಂದು ಆಗ ಮಂದಿ ಹಾಕಿಕೊಳ್ಳುತ್ತಿದ್ದ ಆಯಸ್ಕಾಂತದ ಕಡಗ!

"ಅದನ್ನ ಬಿಚ್ಚಿ ಕೊಡ್ರಿ ಇಲ್ಲೆ."

ಕಡಗ ದೂರ ಒಯ್ದೆ, ಮುಳ್ಳು ನಿಂತಿತು. ಹತ್ತಿರ ತಂದೆ, ಕುಣಿಯಿತು. "ಈಗ ಹೇಳ್ರಿ ಸಾಹುಕಾರ್ರ, ಮುಚ್ಚೂದು ಬಾಗಲಾನೋ, ಇವರ ಬಾಯಿನೋ?"

ಸಾಹುಕಾರರು ಕಣ್ಣರಳಿಸಿದರು. "ಅಬಾಬಾ! ಸೂರ್ಯನ ಗಾಳಿಗಿಂತ ಈ ಕಡಗಾನ ಜೋರ ಐತಿ! ಬಾಯಾರ, ಬಾಗಲಾ ಇರ್ಲಿ. ಮ್ಯಾಲ ಇದನ್ನ ಕಟ್ಟೂಣು."

ನಾನು ಕೂಗಾಡುತ್ತಿದ್ದಂತೆಯೇ ಕಟ್ಟಿಸಿಬಿಟ್ಟರು. ಪಂಡಿತರು ಬರಿಗೈಯಲ್ಲಿ ಇಂಡಿ ಬಸ್ಸು ಹತ್ತಿದರು.

ಬಾಗಿಲು ಉಳಿಯಿತು. ಮರುದಿನ ಮುದ್ದೇಬಿಹಾಳ ಬಸ್ಸಿನ ಕಂಡಕ್ಟರ್ ಉಂಡೆದ್ದು, ಬಾಗಿಲ ಮೇಲಕ್ಕೆ ಕೈಮುಗಿದು ಹೇಳಿದ: "ಏನ ಅನ್ರಿ ಅವ್ವಾರ, ಕಡಗ ಕಟ್ಟಿದ ಮ್ಯಾಲ ನಿಮ್ಮ ರೊಟ್ಟಿ ಭಾಳ ಮೆತ್ತಗಾಗ್ಯಾವ ನೋಡ್ರಿ!"