ಹೇಳದೆ ಕೇಳದೆ ಒಯ್ದ ಸೈಕಲ್ಲು

ಮೊದಲ ಅಧ್ಯಾಯವೆಲ್ಲ ಮುಗಿದಿತ್ತು, ಒಂದೇ ಒಂದು ಅಪರಾಧದ ಹೆಸರು ಬಾಕಿ. ಜರ್ಮನ್ ಅಪರಾಧ ಕಾನೂನನ್ನು ಇಂಗ್ಲಿಷಿಗೆ ತರುತ್ತಿದ್ದ ಅನುವಾದಕನ ಗಂಟಲಲ್ಲಿ ಅದು ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ಬೇರೆಯವರ ಸೈಕಲ್ಲನ್ನು ಕೇಳದೆ ಒಯ್ದರೂ, ವಾಪಸ್ ತಂದಿಡುವ ಮನಸ್ಸಿದ್ದರೆ ಆ ಕಾನೂನಿನಲ್ಲಿ ಅದು ಕಳ್ಳತನವಲ್ಲ, ಬೇರೆಯೇ ಅಪರಾಧ. ಇಂಗ್ಲಿಷಿನಲ್ಲಿ ಏನು ಬರೆದರೂ ಒಂದೋ ಕಳ್ಳತನದ ವಾಸನೆ ಹೊಡೆಯುತ್ತಿತ್ತು, ಇಲ್ಲವೇ ತೀರಾ ಸಪ್ಪೆಯಾಗುತ್ತಿತ್ತು.

ಈಗಾಗಲೇ ಎರಡು ಸಲ ಗಡುವು ತಪ್ಪಿಸಿದ್ದ. ಇವತ್ತು ಸಂಜೆಯೊಳಗೆ ಹಾಳೆಗಳು ಕೈಸೇರದಿದ್ದರೆ ಇಡೀ ಪುಸ್ತಕ ಬೇರೆಯವರ ಪಾಲು ಎಂದು ಪ್ರಕಾಶಕರು ಕಡ್ಡಿ ಮುರಿದಂತೆ ಹೇಳಿದ್ದರು.

"ರೀ, ಏನೋ ಒಂದು ಬರೆದು ಕೊಟ್ಟುಬಿಡಿ," ಎಂದಳು ಹೆಂಡತಿ.

"ಏನೋ ಒಂದು ಬರೆದರೆ ಯಾರೋ ಒಬ್ಬ ಜೈಲಿಗೆ ಹೋಗ್ತಾನೆ," ಎಂದು ಆತ ಬಚ್ಚಲು ಹೊಕ್ಕ. ಪದಗಳು ಹೊಳೆಯುತ್ತಿದ್ದುದು ಅಲ್ಲೇ.

ಅವತ್ತು ಗಂಟೆಗಟ್ಟಲೆ ನೀರು ಹೊಯ್ದುಕೊಂಡರೂ ಹೊಳೆಯಲಿಲ್ಲ. ಲೈಬ್ರರಿಯ ದೊಡ್ಡ ನಿಘಂಟನ್ನೇ ನೋಡಿಬಿಡೋಣವೆಂದು ತಲೆ ಒರೆಸಿಕೊಳ್ಳುತ್ತ ಕೆಳಗಿಳಿದರೆ, ಸೈಕಲ್ಲೇ ನಾಪತ್ತೆ.

"ಕಳ್ಳತನ," ಎಂದ ಕೆಳಗಿನ ಅಂಗಡಿಯ ದರ್ಜಿ.

"ಹಗಲು ದರೋಡೆ," ಎಂದರು ಪಕ್ಕದ ಮನೆಯ, ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದ ಹಿರಿಯರು. "ನಡೀರಿ, ಸ್ಟೇಷನ್ನಿಗೆ ಹೋಗೋಣ."

"ಆತುರ ಬೇಡ ಸಾರ್. ತಗೊಂಡವನಿಗೆ ವಾಪಸ್ ಕೊಡೋ ಮನಸ್ಸಿರಬಹುದು."

ಇಬ್ಬರೂ ಅವನನ್ನು ಜ್ವರ ಬಂದವನನ್ನು ನೋಡುವಂತೆ ನೋಡಿದರು. ಗುಮಾಸ್ತರು ಚಪ್ಪಲಿ ಮೆಟ್ಟಿ ಬರಲು ಒಳಗೆ ಹೋದರು, ದರ್ಜಿ ಅಂಗಡಿಯ ಬಾಗಿಲೆಳೆಯಲು ತಿರುಗಿದ. ಲೈಬ್ರರಿ ಮುಚ್ಚುವ ಹೊತ್ತಾಗುತ್ತಿತ್ತು. ಗೋಡೆಗೆ ಒರಗಿದ್ದ ದರ್ಜಿಯ ಸೈಕಲ್ಲಿಗೆ ಬೀಗವಿರಲಿಲ್ಲ. ವಾಪಸ್ ತಂದಿಡ್ತೀನಲ್ಲ ಎಂದುಕೊಂಡು ಅನುವಾದಕ ಹತ್ತಿಯೇಬಿಟ್ಟ.

ಬೀದಿಯ ತಿರುವಿನಲ್ಲಿ ಪ್ಯಾಂಟು ಚೈನಿಗೆ ಸಿಕ್ಕಿ, ಪರ್ರನೆ ಮೊಣಕಾಲಿನವರೆಗೆ ಹರಿದು, ಸೈಕಲ್ ಸಮೇತ ಚರಂಡಿಯ ಅಂಚಿಗೆ ಬಿದ್ದ. ದರ್ಜಿ ಏದುಸಿರು ಬಿಡುತ್ತ ಬಂದ, ಹಿಂದೆಯೇ ಗುಮಾಸ್ತರು.

"ಇದೂ ಕಳ್ಳತನ ಅಲ್ವೇನ್ರೀ?" ಎಂದರು ಅವರು.

"ಅಲ್ಲ ಸಾರ್. ಇದು ಬೇರೆ. ಜರ್ಮನ್ ಕಾನೂನಿನಲ್ಲಿ ಮಾಲೀಕ ದೂರು ಕೊಟ್ಟರೆ ಮಾತ್ರ ಕೇಸು," ಎಂದ ಬಿದ್ದಲ್ಲಿಂದಲೇ.

"ಮಾಲೀಕ ನಾನೇ," ಎಂದ ದರ್ಜಿ. "ಕೊಡ್ತೀನಿ ದೂರು."

ಅಷ್ಟರಲ್ಲಿ ಟ್ರಿಣ್ ಟ್ರಿಣ್ ಎಂದು ಗಂಟೆ ಕೇಳಿಸಿತು. ತಿರುವಿನಲ್ಲಿ ಅವನ ಸೈಕಲ್ಲು, ಅದರ ಮೇಲೆ ಅವನ ಹೆಂಡತಿ.

"ನಿಮ್ಮ ಸ್ನಾನ ಮುಗಿಯೋಷ್ಟರಲ್ಲಿ ಪುಸ್ತಕ ಕೈಬಿಟ್ಟು ಹೋಗ್ತಿತ್ತು. ಅದಕ್ಕೇ ಹಾಳೆ ನಾನೇ ಪ್ರಕಾಶಕರಿಗೆ ಕೊಟ್ಟು ಬಂದೆ."

ಅವನು ದಡಬಡಿಸಿ ಎದ್ದ. "ಆ ಹೆಸರಿನ ಜಾಗ ಖಾಲಿ ಇತ್ತಲ್ಲೇ."

"ಹೇಳದೆ ಕೇಳದೆ ನಿಮ್ಮ ಸೈಕಲ್ ತಗೊಂಡು ಹೊರಟಿದ್ದೆನಲ್ಲ, ದಾರೀಲಿ ನಂಗೇ ಹೊಳೀತು. ಮಾಲೀಕನ ಅನುಮತಿ ಇಲ್ಲದೆ ವಾಹನ ಬಳಸುವುದು ಅಂತ ಇಂಗ್ಲಿಷಲ್ಲಿ ಬರೆದೆ. ಎಷ್ಟು ಸರಳವಾಗಿದೆ ಅಂತ ಮೆಚ್ಚಿಕೊಂಡರು. ಇಡೀ ಪುಸ್ತಕ ನಿಮಗೇ. ಆದರೆ ಇನ್ನು ಮುಂದೆ ಹಾಳೆ ತರೋದು ನಾನೇ ಆಗಬೇಕಂತೆ."

ಅವನಿಗೆ ಸಂತೋಷ ಉಕ್ಕಿತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ. ತಾನು ವಾರಗಟ್ಟಲೆ ತಿಣುಕಿದ್ದನ್ನು ಇವಳು ಪೆಡಲ್ ತುಳಿಯುತ್ತ ಮುಗಿಸಿದ್ದಳು.

ದರ್ಜಿ ಹರಿದ ಪ್ಯಾಂಟನ್ನು ನೋಡಿ ಕರಗಿದ. "ಹೋಗಲಿ, ನಂದೇನೂ ದೂರಿಲ್ಲ. ಅದನ್ನ ಮಾತ್ರ ನನ್ನ ಹತ್ತಿರಾನೇ ಹೊಲಿಸಬೇಕು."

"ಇವರ ಮೇಲೆ?" ಎಂದು ಗುಮಾಸ್ತರು ಹೆಂಡತಿಯತ್ತ ಕೈ ತೋರಿಸಿದರು. "ಆ ಸೈಕಲ್ಲಿನ ಮಾಲೀಕರು ನೀವು. ದೂರು ಕೊಡ್ತೀರಾ?"

ಅನುವಾದಕ ಹೆಂಡತಿಯ ಮುಖ ನೋಡಿದ. ಅವಳು ಹುಬ್ಬೇರಿಸಿ ಕಾಯುತ್ತಿದ್ದಳು.

"ಇಲ್ಲ ಸಾರ್."

"ಹಾಗಾದರೆ ನಡೀರಿ, ಎರಡನೇ ಅಧ್ಯಾಯ ಕಾಯ್ತಿದೆ," ಎಂದು ಅವಳು ಪೆಡಲ್ ತುಳಿದಳು. ಮಾಲೀಕ ಹರಿದ ಪ್ಯಾಂಟು ಹಿಡಿದುಕೊಂಡು ಹಿಂದೆ ಹಿಂದೆ ನಡೆದ.