ಇನ್ನೂರಕ್ಕೆ ಐದು ಕಮ್ಮಿ

ಎಲ್ಲಕ್ಕೂ ಕಾರಣ ಅರ್ಧ ಅಡಿ.

ಟೇಪಣ್ಣ ಬೆಳಿಗ್ಗೆ ಎಂಟಕ್ಕೇ ತನ್ನ ಮನೆಯ ಮುಂದಿನ ಕೋಣೆಯನ್ನು ಮೂರನೇ ಸಲ ಅಳೆದ. ಅಗಲ ಹತ್ತು ಅಡಿ, ಉದ್ದ ಹತ್ತೊಂಬತ್ತೂವರೆ. ಗುಣಿಸಿದರೆ ನೂರ ತೊಂಬತ್ತೈದು. ಕೈಯಲ್ಲಿದ್ದ ಸರ್ಕಾರಿ ಕಾಗದ ಮಾತ್ರ 'ಕಚೇರಿಯ ಕೋಣೆ ಇನ್ನೂರು ಚದರ ಅಡಿಗೆ ಕಡಿಮೆ ಇರತಕ್ಕದ್ದಲ್ಲ' ಎಂದು ಗದರುತ್ತಿತ್ತು. ತಪಾಸಣೆಗೆ ಅಧಿಕಾರಿ ಬರುವುದು ಹನ್ನೊಂದಕ್ಕೆ.

ಟೇಪಣ್ಣನ ನಿಜವಾದ ಹೆಸರು ಅರ್ಜಿ ಫಾರಮ್ಮುಗಳಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವನು ಜೇಬಲ್ಲಿ ಸದಾ ಉಕ್ಕಿನ ಟೇಪು ಇಟ್ಟುಕೊಂಡು ತಿರುಗುವ ಟೇಪಣ್ಣ. ಹದಿನೈದು ವರ್ಷದಿಂದ ಭಾಮೈದನ ಹಾರ್ಡ್‌ವೇರ್ ಅಂಗಡಿಯಲ್ಲಿ ಪೈಪು, ವೈರು ಅಳೆದು ಕತ್ತರಿಸುತ್ತಿದ್ದ. ಅಳತೆ ತಪ್ಪಿದ್ದು ಕಂಡರೆ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಹೊಸ ಮನೆ ನೋಡಲು ಕರೆದವರಿಗೆ, ಅವರು ಕಾಫಿ ಕೊಡುವ ಮೊದಲೇ, "ನಿಮ್ಮ ಬಾಗಿಲು ಎರಡು ಬೆರಳು ಸೊಟ್ಟ" ಎಂದು ಹೇಳಿ ಕಾಫಿ ಕಳೆದುಕೊಂಡದ್ದೂ ಉಂಟು.

ಇಂಥವನಿಗೆ ದೇವರು ಕೊಟ್ಟ ವರದಂತೆ ಬಂದದ್ದು ಸರ್ಕಾರದ ಹೊಸ ಯೋಜನೆ. ತೆರಿಗೆಗಾಗಿ ಮನೆಗಳಿಗೆ ಬೆಲೆ ಕಟ್ಟುವ ಕೆಲಸವನ್ನು ಇನ್ನು ಮೇಲೆ ಖಾಸಗಿಯವರಿಗೆ ಕೊಡುತ್ತಾರಂತೆ. ಪರೀಕ್ಷೆ ಪಾಸಾಗಿ ಅನುಮತಿ ಪತ್ರ ಪಡೆಯಬೇಕಂತೆ. ಟೇಪಣ್ಣ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದ. ಆಮೇಲೆ ಅವನ ಫೈಲು ಎರಡು ವರ್ಷ ಮೇಜಿನಿಂದ ಮೇಜಿಗೆ ತೆವಳಿತು. ಈಗ ಉಳಿದದ್ದು ಕಚೇರಿಯ ತಪಾಸಣೆಯೊಂದೇ. ಇದು ತಪ್ಪಿದರೆ ಮತ್ತೆ ಅರ್ಜಿ ಹಾಕಲು ಮೂರು ವರ್ಷ ಕಾಯಬೇಕು, ಅಲ್ಲಿಯವರೆಗೆ ಭಾಮೈದನ ಅಂಗಡಿಯ ಮೂರು ಕಾಲಿನ ಸ್ಟೂಲೇ ಗತಿ. ಊರವರ ಮನೆಯೆಲ್ಲ ಅಳೆದವನಿಗೆ ತನ್ನ ಕೋಣೆ ಅಳೆಯುವುದು ಇವತ್ತಿನವರೆಗೂ ಹೊಳೆದಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

"ಬರೀ ಐದು ಚದರ ಅಡಿ ಕಣೇ!" ಎಂದು ಹೆಂಡತಿಯೆದುರು ತಲೆ ಚಚ್ಚಿಕೊಂಡ.

"ಅದಕ್ಯಾಕೆ ಗೋಡೆಗೆಲ್ಲ ಕೇಳೋ ಹಾಗೆ ಕೂಗ್ತೀರಿ?" ಎಂದಳು ಅವಳು.

ಗೋಡೆಗೆ ಕೇಳಿತೋ ಇಲ್ಲವೋ, ಪಕ್ಕದ ಮನೆಗಂತೂ ಕೇಳಿತು. ಎರಡೇ ನಿಮಿಷದಲ್ಲಿ ನಿವೃತ್ತ ಲೆಕ್ಕದ ಮೇಷ್ಟ್ರು ಬಂದರು. ಅವರ ಹಿಂದೆಯೇ ಎದುರು ಮನೆಯ ಬಡಗಿ, ಕೈಯಲ್ಲಿ ಹಾರೆ ಸಮೇತ. ಇಬ್ಬರಿಗೂ ಟೇಪಣ್ಣನ ಮೇಲೆ ಇತ್ತೀಚೆಗೆ ವಿಪರೀತ ಪ್ರೀತಿ. ಮೇಷ್ಟ್ರ ಮನೆ ಹಿಂದೆ ಒಂದು ಕೋಣೆ, ಬಡಗಿಯ ಮನೆ ಮೇಲೆ ಇನ್ನೊಂದು ಕೋಣೆ, ಎರಡೂ ಯಾವ ಸರ್ಕಾರಿ ದಾಖಲೆಯಲ್ಲೂ ಇರಲಿಲ್ಲ.

"ಯೋಚನೆ ಯಾಕಯ್ಯ?" ಎಂದರು ಮೇಷ್ಟ್ರು. "ಈ ಕೋಣೆಗೂ ಅಡುಗೆಮನೆಗೂ ನಡುವೆ ಇರೋದು ಪ್ಲೈವುಡ್ ಪಾರ್ಟಿಷನ್ ತಾನೆ? ಅರ್ಧ ಅಡಿ ಆಚೆ ತಳ್ಳು. ಹತ್ತು ಇಪ್ಪತ್ತಲಿ ಇನ್ನೂರು. ನಾಳೆ ನಮ್ಮ ಮನೆ ಸರದಿ ಬಂದಾಗ ನೀನೂ ಒಂದು ಕಣ್ಣು ಮುಚ್ಚಿಕೊಂಡ್ರಾಯ್ತು."

"ನನ್ನ ಮನೆ ಬಂದಾಗ ಎರಡೂ ಕಣ್ಣು, ಟೇಪಣ್ಣ," ಎಂದ ಬಡಗಿ.

ಅಡುಗೆಮನೆಯ ಒಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇರೋದೇ ಎಂಟಡಿ ಉದ್ದ, ಆರಡಿ ಅಗಲ. ಅದರಲ್ಲೂ ಕಿತ್ಕೋತೀರಾ?"

"ಇವತ್ತೊಂದು ದಿನ ಕಣೇ."

ಅವಳು ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಹದಿನೈದು ವರ್ಷದ ಸ್ಟೂಲು ಕಂಡಿರಬೇಕು. "ಆಯ್ತು, ಮಾಡ್ಕೊಳ್ಳಿ. ಬಂದವರಿಗೆ ಕಾಫಿಗಾದ್ರೂ ಹಾಲು ಕಾಯಿಸ್ತೀನಿ," ಎನ್ನುತ್ತ ಒಳಗೆ ಹೋಗಿ ಬಾಗಿಲೆಳೆದುಕೊಂಡಳು.

ಬಡಗಿ ಸ್ಕ್ರೂ ಬಿಚ್ಚಿದ, ಹಾರೆ ಕೊಟ್ಟು ಮೀಟಿದ. ಅರ್ಧ ಅಡಿ ಸಾಕೆಂದರೂ ಕೇಳದೆ, "ಕಮ್ಮಿ ಬೀಳೋದು ಬೇಡ," ಎಂದು ಪೂರಾ ಒಂದಡಿ ತಳ್ಳಿ ಮತ್ತೆ ಸ್ಕ್ರೂ ಬಿಗಿದ. ಹೊತ್ತು ಹತ್ತೂ ಮುಕ್ಕಾಲು. ಮೇಷ್ಟ್ರು ತಮ್ಮ ಮನೆಯಿಂದ ಮೇಜು ತಂದರು, ಅದರ ಮೇಲೆ ನಾಲ್ಕು ದಪ್ಪ ಪುಸ್ತಕ ಪೇರಿಸಿದರು. ಕೋಣೆಗೆ ನಿಜಕ್ಕೂ ಕಚೇರಿಯ ಕಳೆ ಬಂತು.

ಆಗ ಒಳಗಿನಿಂದ ದನಿ ಬಂತು. "ರೀ, ಬಾಗಿಲು ಬರ್ತಿಲ್ಲ."

ಅಡುಗೆಮನೆಯ ಬಾಗಿಲು ಪಾರ್ಟಿಷನ್ನಿನ ಪಕ್ಕದ ಗೋಡೆಯಲ್ಲಿತ್ತು, ಒಳಕ್ಕೆ ತೆರೆಯುವಂಥದ್ದು. ಪಾರ್ಟಿಷನ್ ಅದಕ್ಕೆ ಅಡ್ಡ ಬಂದು ಕೂತಿತ್ತು. ಬಾಗಿಲು ನಾಲ್ಕು ಬೆರಳಷ್ಟು ತೆರೆದು ಅಲ್ಲೇ ನಿಂತಿತು. ಆ ಸಂದಿಯಲ್ಲಿ ಹೆಂಡತಿಯ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಒಂದರ್ಧ ಗಂಟೆ ಅಲ್ಲೇ ಇರ್ತೀಯೇನೇ?"

"ಇರ್ತೀನಿ, ಏನ್ಮಾಡೋದು. ಬೇಗ ಮುಗಿಸಿ ಕಳ್ಸಿ."

ಇಂಥ ಹೆಂಡತಿ ಯಾರಿಗುಂಟು ಎಂದುಕೊಂಡ ಟೇಪಣ್ಣ. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಸ್ಕೂಟರಿನ ಸದ್ದು ಕೇಳಿಸಿತು. ಬಡಗಿ ಕಿಟಕಿಯಿಂದ ಬಗ್ಗಿ ನೋಡಿ, "ಬಂದ್ರು! ಮೇಡಮ್ಮು, ಬಗಲಲ್ಲಿ ಫೈಲು!" ಎಂದ. ಅದೇ ಗಳಿಗೆಗೆ ಅಡುಗೆಮನೆಯಿಂದ ಬೀದಿ ನಡುಗುವಂಥ ಕಿರುಚು.

"ಇಲಿ! ರೀ, ಇಲಿ! ಪಾರ್ಟಿಷನ್ ಹಿಂದಿಂದ ಬಂತು! ಅಯ್ಯೋ, ನನ್ನ ಕಡೆನೇ ಬರ್ತಿದೆ!"

ಪಾಪ, ಇಲಿಗೂ ಆಚೆ ಹೋಗಲು ದಾರಿ ಗೊತ್ತಾಗಿರಲಿಲ್ಲ.

"ಹತ್ತು ನಿಮಿಷ ತಡ್ಕೊಳ್ಳಮ್ಮ, ಇಲಿ ಏನೂ ಮಾಡಲ್ಲ," ಎಂದು ಮೇಷ್ಟ್ರು ಸಂದಿಗೆ ಬಾಯಿಟ್ಟು ಬುದ್ಧಿ ಹೇಳಿದರು.

"ಹಾಗಾದ್ರೆ ನೀವು ಬನ್ನಿ ಒಳಗೆ!"

ಟೇಪಣ್ಣ ಒಮ್ಮೆ ಕಿಟಕಿ ನೋಡಿದ, ಒಮ್ಮೆ ಸಂದಿ ನೋಡಿದ. ಅವಳು ಆ ಸಂದಿಯಿಂದ ಕೈಬೆರಳು ಚಾಚಿ ಬಾಗಿಲು ಹಿಡಿದಿದ್ದಳು. ಅವನಿಗೆ ನಾಚಿಕೆಯಾಯಿತು.

"ಎಳೆಯಯ್ಯ ಹಿಂದಕ್ಕೆ!" ಎಂದು ಬಡಗಿಗೆ ಹೇಳಿದ. "ಅನುಮತಿ ಹೋದ್ರೆ ಹೋಗ್ಲಿ."

ಹಾರೆ ಕಿರ್ರೆಂದಿತು. ಪಾರ್ಟಿಷನ್ ಮೊದಲಿನ ಜಾಗಕ್ಕೇ ಬಂದು ಕೂತಿತು. ಬಾಗಿಲು ದಢಾರನೆ ತೆರೆದು ಮೊದಲು ಇಲಿ, ಆಮೇಲೆ ಹೆಂಡತಿ ಹೊರಬಂದರು. ಇಲಿ ಮುಂಬಾಗಿಲಲ್ಲಿ ನಿಂತಿದ್ದ ಅಧಿಕಾರಿಯ ಚಪ್ಪಲಿಯನ್ನು ಸವರಿಕೊಂಡು ಬೀದಿ ಸೇರಿತು.

"ಕಚೇರಿ ಅಂದ್ಮೇಲೆ ಇಲಿ ಇರ್ಲೇಬೇಕು ಬಿಡಿ," ಎಂದರು ಅಧಿಕಾರಿ, ಬೆವರೊರೆಸುತ್ತ. "ನಮ್ಮಲ್ಲಿ ಫೈಲಿಗಿಂತ ಅವೇ ಜಾಸ್ತಿ. ಟೇಪು ಹಿಡಿಯೋ ಜವಾನ ಇವತ್ತು ರಜ. ಈ ತುದಿ ನೀವೇ ಹಿಡ್ಕೊಳ್ಳಿ."

ಅವರು ಚೀಲದಿಂದ ತೆಗೆದದ್ದು ಹಳದಿಗಟ್ಟಿದ ಬಟ್ಟೆಯ ಟೇಪು. ಟೇಪಣ್ಣ ತುದಿ ಹಿಡಿದು ಗೋಡೆಗೆ ಒತ್ತಿದ. ಎಲ್ಲ ಮುಗಿಯಿತೆಂದುಕೊಂಡು ಸುಮ್ಮನೆ ಕಣ್ಣು ಕೆಳಗೆ ಹಾಯಿಸಿದ. ಸೊನ್ನೆ ಇರಬೇಕಾದ ಕಡೆ ಒಂದು ಇತ್ತು. ಟೇಪಿನ ಮೊದಲ ಅಡಿ ಯಾವ ಕಾಲದಲ್ಲೋ ಹರಿದುಹೋಗಿತ್ತು!

"ಉದ್ದ ಇಪ್ಪತ್ತೂವರೆ," ಎಂದು ಅಧಿಕಾರಿ ಆ ತುದಿಯಿಂದ ಓದಿ ಬರೆದುಕೊಂಡರು. ಅಗಲಕ್ಕೂ ಹಾಗೇ ಹಿಡಿದರು. "ಅಗಲ ಹನ್ನೊಂದು."

ಟೇಪಣ್ಣನ ನಾಲಿಗೆ ತುರಿಸಿತು. ಜೀವಮಾನದ ಚಟ. 'ಮೇಡಂ, ನಿಮ್ಮ ಟೇಪು' ಎಂಬ ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಅವನು ಹಲ್ಲು ಕಚ್ಚಿದ.

"ಇನ್ನೂರ ಇಪ್ಪತ್ತೈದೂವರೆ ಚದರ ಅಡಿ. ಬೇಕಾದ್ದಕ್ಕಿಂತ ಧಾರಾಳವಾಗಿದೆ," ಎಂದು ಅವರು ಅನುಮತಿ ಪತ್ರಕ್ಕೆ ಸಹಿ ಹಾಕಿ, ಠಸ್ಸೆಂದು ಮೊಹರು ಒತ್ತಿದರು.

ಟೇಪಣ್ಣ ಬಿಟ್ಟ ಉಸಿರಿಗೆ ಮೇಜಿನ ಮೇಲಿನ ಕಾಗದ ಹಾರಿತು. ಹೆಂಡತಿ ಕಣ್ಣೊರೆಸಿಕೊಂಡಳು. ಇಷ್ಟು ಹೊತ್ತು ಹೊತ್ತಿದ್ದ ಬಂಡೆ ಯಾರೋ ಇಳಿಸಿದಂತೆ ಅವನ ಭುಜ ಹಗುರಾಯಿತು. ಸುಮ್ಮಸುಮ್ಮನೆ ನಗು ಬಂತು.

ಅಧಿಕಾರಿ ಕಾಫಿ ಕುಡಿದು ಇನ್ನೊಂದು ಫಾರಂ ತೆಗೆದರು. "ಈಗ ಇದಕ್ಕೊಂದು ಸಹಿ. ಮನೆಯಲ್ಲಿ ಕಚೇರಿ ನಡೆಸ್ತೀರಿ ಅಂದ್ಮೇಲೆ ಈ ಕೋಣೆ ವಾಣಿಜ್ಯ ಕಟ್ಟಡ. ತೆರಿಗೆ ನಾಲ್ಕು ಪಟ್ಟು. ಇನ್ನೂರ ಇಪ್ಪತ್ತೈದೂವರೆ ಅಡಿಗೆ, ಅರ್ಜಿ ಹಾಕಿದ ದಿನದಿಂದ. ಅಂದ್ರೆ ಎರಡು ವರ್ಷದ ಬಾಕಿ."

ನಗು ಅರ್ಧಕ್ಕೇ ನಿಂತಿತು. ಮೇಷ್ಟ್ರು ಮಾತ್ರ ಅಷ್ಟು ಹೊತ್ತಿನಿಂದ ಬೆರಳು ಮಡಿಸಿ ಏನೋ ಲೆಕ್ಕ ಹಾಕುತ್ತಿದ್ದವರು ಥಟ್ಟನೆ ಎದ್ದು ನಿಂತರು.

"ಅನ್ಯಾಯ! ಇಲ್ಲದ ಮೂವತ್ತೂವರೆ ಅಡಿಗೂ ತೆರಿಗೆನಾ? ಮೇಡಂ, ನಿಮ್ಮ ಟೇಪಲ್ಲಿ..."

ಟೇಪಣ್ಣ ಹಾರಿ ಅವರ ಬಾಯಿ ಮುಚ್ಚಿದ. ಟೇಪಿನ ತಪ್ಪು ಹೇಳಿದರೆ ತೆರಿಗೆ ಇಳಿಯುತ್ತದೆ, ಆದರೆ ಕೋಣೆ ನೂರ ತೊಂಬತ್ತೈದಾಗಿ ಅನುಮತಿಯೂ ಹೋಗುತ್ತದೆ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಟೇಪಲ್ಲಿ ಏನು?" ಎಂದರು ಅಧಿಕಾರಿ.

"ಟೇಪು ಚೆನ್ನಾಗಿದೆ ಅಂತಿದ್ರು, ಮೇಡಂ," ಎಂದು ಟೇಪಣ್ಣ ಒಂದು ಕೈಯಲ್ಲಿ ಮೇಷ್ಟ್ರ ಬಾಯಿ ಹಿಡಿದು ಇನ್ನೊಂದರಲ್ಲಿ ಸಹಿ ಹಾಕಿದ.

"ಹಾಗಾದ್ರೆ ಇಟ್ಕೊಳ್ಳಿ. ಅನುಮತಿ ಪಡೆದವರು ಇಲಾಖೆ ಟೇಪಲ್ಲೇ ಅಳೀಬೇಕು. ಈ ಬೀದಿಯ ಮನೆಗಳೇ ನಿಮ್ಮ ಮೊದಲ ಕೆಲಸ. ನಾಳೆಯಿಂದ ದಿನಾ ಸಂಜೆ ಮಾಡಿದ್ರೂ ಸಾಕು. ಸಂಭಾವನೆ ಕೈಗೆ ಬರಲ್ಲ, ನಿಮ್ಮ ತೆರಿಗೆಗೆ ಜಮಾ ಆಗುತ್ತೆ."

"ಎಷ್ಟು ದಿನ ಹಾಗೆ, ಮೇಡಂ?"

ಅವರು ಮನಸ್ಸಲ್ಲೇ ಲೆಕ್ಕ ಹಾಕಿದರು. "ಈ ಬೀದಿ, ಪಕ್ಕದ ಬೀದಿ, ಅದರ ಹಿಂದಿನ ನಾಲ್ಕು ಬೀದಿ ಮುಗಿಸಿದ್ರೆ ಸರಿಹೋಗುತ್ತೆ. ಅಷ್ಟೊತ್ತಿಗೆ ಅನುಮತಿಯ ಅವಧಿನೂ ಮುಗಿಯುತ್ತೆ. ಚಿಂತೆ ಬೇಡ, ಮತ್ತೆ ಅರ್ಜಿ ಹಾಕ್ಕೊಳ್ಳಿ."

ಸ್ಕೂಟರು ಹೋಯಿತು. ಮೇಷ್ಟ್ರು ಆ ಟೇಪನ್ನು ಹಾವು ನೋಡಿದಂತೆ ನೋಡಿ, ತಮ್ಮ ಮೇಜು ಹೊತ್ತುಕೊಂಡು ಮನೆಗೆ ಓಡಿದರು. ಬಡಗಿ ಆಗಲೇ ತನ್ನ ಮನೆಯ ಗೇಟಿಗೆ ಒಳಗಿಂದ ಚಿಲಕ ಹಾಕಿದ್ದ. ಟೇಪಣ್ಣ ಭಾಮೈದನಿಗೆ ಫೋನು ಮಾಡಿ, ನಾಳೆ ಎಂದಿನಂತೆ ಒಂಬತ್ತಕ್ಕೆ ಬರುತ್ತೇನೆಂದು ಹೇಳಿದ.

ಫೋನಿಟ್ಟು ತಿರುಗಿದರೆ ಹೆಂಡತಿ ಟೇಪಿನ ಆ ತುದಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳು. "ಬನ್ನಿ, ಸಾಹೇಬ್ರೇ. ಮೊದಲನೇ ಕೆಲಸ ನಂದು."

ಅವನು ಅಳೆದ. ಉದ್ದ ಒಂಬತ್ತು, ಅಗಲ ಏಳು.

"ನೋಡಿದ್ರಾ?" ಎಂದಳು ಅವಳು. "ಬೆಳಿಗ್ಗೆ ಕಿತ್ಕೊಂಡಿದ್ದು ಒಂದಡಿ. ಸರ್ಕಾರ ಎರಡಡಿ ವಾಪಸ್ ಕೊಡ್ತು."

ಟೇಪಣ್ಣನಿಗೆ ಮತ್ತೆ ನಗು ಬಂತು. ಈ ಸಲ ಪೂರ್ತಿ ನಕ್ಕ.