ನಮ್ಮ ಗೋಡೆಗೆ ಹೊಸ ವೈರು ಬಂತು

ಸಿಟಿಯವರ, ಅಂದರೆ ನಗರಸಭೆಯ, ಬಿಲ್ಡಿಂಗಿನಲ್ಲಿ ಬಾಡಿಗೆಗಿದ್ದವರಿಗೆ ಬೇಜಾರು ಅನ್ನುವುದು ಗೊತ್ತಿಲ್ಲ. ಒಂದು ವರ್ಷ ಲಿಫ್ಟು ಬದಲಾಯಿಸುತ್ತಾರೆ, ಮರುವರ್ಷ ಕಿಟಕಿ, ಅದರ ಮರುವರ್ಷ ಹಿಂದಿನ ವರ್ಷ ಹಾಕಿದ ಕಿಟಕಿಯ ರಿಪೇರಿ. ರೆಕ್ಸ್‌ಡೇಲಿನ ಈ ಹಳೇ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ ನಾವಿದ್ದು ಹನ್ನೊಂದು ವರ್ಷವಾಯಿತು. ನಾನು ಮಿಲ್ಟನ್ನಿನ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ, ನನ್ನ ಹೆಂಡತಿ ಎಟೋಬಿಕೋಕ್‌ನ ಬೇಕರಿ ಫ್ಯಾಕ್ಟರಿಗೆ ಹೋಗುತ್ತಾಳೆ. ಇಬ್ಬರೂ ಧಾರವಾಡದಿಂದ ಈ ಹಿಮದ ದೇಶಕ್ಕೆ ಬಂದವರು, ಮಗಳು ಹುಟ್ಟಿದ್ದು ಇಲ್ಲೇ. ಹೋದ ವರ್ಷ ಬಂದದ್ದು ವೈರಿಂಗಿನ ಸರದಿ.

ಮೂರು ಫೂಟು

ಬಾಗಿಲ ಕೆಳಗಿಂದ ಒಂದು ನೋಟಿಸು ತೂರಿ ಬಂತು. ಕಟ್ಟಡದ ಹಳೇ ಅಲ್ಯೂಮಿನಿಯಂ ವೈರು ತೆಗೆದು ಹೊಸದು ಹಾಕುತ್ತಾರಂತೆ, ಅದಕ್ಕಾಗಿ ಗೋಡೆಗಳಲ್ಲಿ ಅಲ್ಲಲ್ಲಿ ತೂತು ಕೊರೆಯುತ್ತಾರಂತೆ, ಎಲ್ಲ ಸಾಮಾನನ್ನೂ ಗೋಡೆಯಿಂದ ಮೂರು ಫೂಟು ದೂರ ಸರಿಸಿಡಬೇಕಂತೆ.

ನನ್ನ ಹೆಂಡತಿ ಓದಿದವಳೇ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಅದಕ್ಕೆ ಕಾರಣವಿದೆ. ನಮ್ಮ ಹಾಲಿನ ದೊಡ್ಡ ಗೋಡೆಯ ತುಂಬ ಅವಳು ಕಸೂತಿ ಬರೆದಿದ್ದಾಳೆ. ಊರಲ್ಲಿ ಇಳಕಲ್ಲ ಸೀರೆಯ ಮೇಲೆ ಸೂಜಿಯಿಂದ ಹಾಕುವುದನ್ನು ಇಲ್ಲಿ ಗೋಡೆಯ ಮೇಲೆ ಸಣ್ಣ ಬ್ರಶ್ಶಿನಿಂದ ಎಳೆ ಎಳೆಯಾಗಿ ಹಾಕಿದ್ದಾಳೆ. ನಟ್ಟನಡುವೆ ಗೋಪುರ, ಸುತ್ತ ಆನೆ, ನವಿಲು, ತೊಟ್ಟಿಲು, ತುಳಸಿ ಕಟ್ಟೆ. ಈ ದೇಶದ ಮೊದಲ ಚಳಿಗಾಲದಲ್ಲಿ ಅವಳಿಗೆ ಕೆಲಸವಿರಲಿಲ್ಲ, ಗುರುತಿನವರಿರಲಿಲ್ಲ, ಹೊರಗೆ ಕಾಲಿಟ್ಟರೆ ಮೊಣಕಾಲ ತನಕ ಹಿಮ. ಅಳುವ ಬದಲು ಗೋಡೆ ಬರೆದಳು. ಆ ಗೋಡೆ ಮುಗಿದ ದಿನವೇ ಅವಳು ಮೊದಲ ಸಲ ಇದನ್ನು "ನಮ್ಮನಿ" ಅಂದದ್ದು. ಹಾಗಾಗಿ ಆ ಗೋಡೆಗೆ ಏನಾದರೂ ಆದೀತೆಂದು ನನಗೂ ಹೆದರಿಕೆಯೇ ಆಯಿತು.

ಆದರೂ ಸಾಮಾನು ಸರಿಸಲು ಶುರು ಮಾಡಿದೆ. ಸೋಫಾವನ್ನು ಟೇಪು ಹಿಡಿದು ಸರಿಯಾಗಿ ಮೂರು ಫೂಟು ಎಳೆದೆ. ಬೆವರೊರೆಸಿಕೊಂಡು ನೋಡಿದರೆ ಅದು ಟಿವಿಯ ಮೇಜಿಗೆ ಮುತ್ತಿಡುತ್ತಿತ್ತು. ಮೇಜನ್ನು ಈಚೆ ಎಳೆದರೆ ಊಟದ ಟೇಬಲ್ಲು ಸಿಕ್ಕಿಕೊಂಡಿತು. ಕೊನೆಗೆ ಮನೆಯ ಸಮಸ್ತ ಸಾಮಾನೂ ಹಾಲಿನ ನಡುವೆ ಗುಡ್ಡವಾಯಿತು.

ಹೆಂಡತಿ ಗೋಡೆಯ ಕಡೆಯಿಂದಲೇ ಕೇಳಿದಳು: "ರೀ, ಸಾಮಾನೇನೋ ಗ್ವಾಡಿಯಿಂದ ಮೂರು ಫೂಟ್ ದೂರ ಹೋದ್ವು. ನಾವು ಎಲ್ಲಿ ಹೋಗೂಣು?"

ಲ್ಯಾಂಡ್‌ಲಾರ್ಡಿನ ಫೋಟೋ

ಕೆಲಸ ನಮಗಿಂತ ಮೊದಲು ಎಂಟನೇ ಮಹಡಿಯಲ್ಲಿ ನಡೆಯಿತು. ನಮ್ಮ ಕೆಳಗಿನ ಮನೆಯಲ್ಲಿ ಜಮೈಕಾದ ಒಬ್ಬ ಅಜ್ಜಿ ಇದ್ದಾಳೆ. ಮೂವತ್ತು ವರ್ಷದಿಂದ ಅದೇ ಮನೆ. ಅವಳ ಹಾಲಿನ ಗೋಡೆಗೆಲ್ಲ ಗುಲಾಬಿ ಹೂವಿನ ವಾಲ್‌ಪೇಪರು. ಅಂಗೈಯಗಲದ ಹೂವುಗಳು, ಎಲ್ಲಿ ನೋಡಿದರೂ ಕೆಂಪು.

ಅವಳು ಒಪ್ಪದೆ ಸೂಪರನ್ನು, ಅಂದರೆ ಬಿಲ್ಡಿಂಗಿನ ಉಸ್ತುವಾರಿಯವನನ್ನು, ಬಾಗಿಲಲ್ಲೇ ನಿಲ್ಲಿಸಿಕೊಂಡಳಂತೆ. ಅವನು ಎದೆ ಮುಟ್ಟಿಕೊಂಡು, "ಮೇಡಂ, ಮೊದಲು ಹೆಂಗಿತ್ತೋ ಹಂಗೇ ಮಾಡಿಕೊಡ್ತೀವಿ" ಅಂದ. ಕೊರೆದರು. ವೈರು ಎಳೆದರು. ತೂತು ಮುಚ್ಚಿ, ಸಿಟಿಯ ಕಾನೂನಿನ ಪ್ರಕಾರ ಬಿಳಿ ಬಣ್ಣ ಬಳಿದು ಹೋದರು. ಸೂಪರ್‌ನ ಲೆಕ್ಕದಲ್ಲಿ 'ಮೊದಲು' ಅಂದರೆ ಅಜ್ಜಿ ಈ ಮನೆಗೆ ಬರುವುದಕ್ಕೂ ಮೊದಲು.

ಸುದ್ದಿ ಕೇಳಿ ನಾವಿಬ್ಬರೂ ಸಮಾಧಾನ ಹೇಳಲು ಇಳಿದುಹೋದೆವು. ಅಜ್ಜಿ ಅಳುತ್ತಿರಲಿಲ್ಲ. ಗುಲಾಬಿ ತೋಟದ ನಡುವೆ ಬೋಳು ಬಿಳಿ ಚೌಕ, ಅದರ ಸುತ್ತ ಅವಳು ಒಂದು ಬಂಗಾರದ ಬಣ್ಣದ ಖಾಲಿ ಫ್ರೇಮು ತೂಗುಹಾಕಿದ್ದಳು.

"ಇದೇನು?" ಅಂದೆ.

ಅಜ್ಜಿ ಚಹಾ ಸೋಸುತ್ತ ಹೇಳಿದಳು: "ಲ್ಯಾಂಡ್‌ಲಾರ್ಡಿನ ಫೋಟೋ."

ಬಹಳ ಕಷ್ಟದ ವೈರಿಂಗು

ನಾನು ನಗುತ್ತ ಮೇಲೆ ಬಂದೆ, ಹೆಂಡತಿ ನಗಲಿಲ್ಲ. "ನಮ್ಮ ಗೋಪುರದ ಮ್ಯಾಲ ಅಂಥಾ ಬಿಳಿ ತ್ಯಾಪಿ ಬಿದ್ರ ನಾ ಆ ಗ್ವಾಡಿ ಕಡೆ ಮುಖಾ ಮಾಡಂಗಿಲ್ಲ ನೋಡ್ರಿ" ಅಂದಳು.

ಆಗ ನಮ್ಮವ್ವ ಊರಿಂದ ಬಂದು ನಮ್ಮ ಜೊತೆಗಿದ್ದಳು. ಅವಳಿಗೆ ಬರುವುದು ಕನ್ನಡವೊಂದೇ. ಆದರೆ ಅದೊಂದರಲ್ಲೇ ಜಗತ್ತನ್ನು ನಡೆಸಬಲ್ಲಳು. ಸೊಸೆಯ ಮುಖ ನೋಡಿ, "ಬರವರಿಗೆ ಹೊಟ್ಟಿ ತುಂಬಾ ಹಾಕೂಣು. ಉಂಡ ಮನಿ ಗ್ವಾಡಿ ಯಾರೂ ಕೆಡಸಂಗಿಲ್ಲ" ಎಂದಳು.

ಕೆಲಸದವರ ಫೋರ್‌ಮನ್ ಒಬ್ಬ ಪಂಜಾಬಿ, ಐವತ್ತರ ಆಸುಪಾಸು, ದಪ್ಪ ಮೀಸೆ. ಮೊದಲ ದಿನ ಅವನೂ ಅವನ ಇಬ್ಬರು ಹುಡುಗರೂ ಬಂದು ಟೂಲ್‌ಬಾಕ್ಸ್ ಇಡುವುದರೊಳಗೆ ಅವ್ವ ಗಿರ್ಮಿಟ್ ಕಲಸಿ, ಮಿರ್ಚಿ ಭಜಿ ಕರಿದಿಟ್ಟಳು. ಅವ್ವ ಕನ್ನಡದಲ್ಲಿ ಗೋಡೆಯ ಕಥೆ ಹೇಳಿದಳು, ಅವನು ಹಿಂದಿಯಲ್ಲಿ ತನ್ನ ಮಗಳ ಮದುವೆಯ ಕಥೆ ಹೇಳಿದ. ಇಬ್ಬರೂ ಸರಿಯಾದ ಜಾಗದಲ್ಲಿ ತಲೆದೂಗಿದರು. ಎರಡನೇ ದಿನ ಶೇಂಗಾ ಉಂಡಿ. ಮೂರನೇ ದಿನ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಉಳಿದ ಮನೆಗಳು ಒಂದೊಂದು ದಿನಕ್ಕೆ ಮುಗಿದಿದ್ದವು. ನಮ್ಮಲ್ಲಿ ನಾಲ್ಕನೇ ದಿನವಾದರೂ ಅಡುಗೆಮನೆಯ ವೈರೇ ನಡೆದಿತ್ತು.

ಸೂಪರ್‌ಗೆ ಅನುಮಾನ ಬಂತು. ಅಂದು ನನಗೆ ರಜೆ. ಬಾಗಿಲು ತೆಗೆದದ್ದು ನಾನೇ. "ಈ ಮನೇಲಿ ಯಾಕಿಷ್ಟು ತಡ?" ಎಂದು ಇಂಗ್ಲಿಷಿನಲ್ಲಿ ಗುಡುಗುತ್ತ ಒಳಗೆ ಬಂದ.

ಫೋರ್‌ಮನ್ ಬಾಯಲ್ಲಿದ್ದ ಮಿರ್ಚಿಯನ್ನು ನಿಧಾನವಾಗಿ ನುಂಗಿ, ಗಂಭೀರವಾಗಿ ಹೇಳಿದ: "ಸರ್, ಈ ಮನೆ ವೈರಿಂಗು ಬಹಳ ಕಷ್ಟದ್ದು. ಒಂದು ತುಂಡು ತಿಂದು ನೋಡಿ, ಗೊತ್ತಾಗುತ್ತೆ."

ಆಮೇಲೆ ಸೂಪರೂ ದಿನಾ ಮಧ್ಯಾಹ್ನ ಇನ್‌ಸ್ಪೆಕ್ಷನ್ನಿಗೆ ಬರತೊಡಗಿದ.

ಕೆಂಪು ಗುರುತು

ಕೊನೆಗೆ ಹಾಲಿನ ಗೋಡೆಯ ಸರದಿ ಬಂತು. ಫೋರ್‌ಮನ್ ಅದನ್ನು ತಟ್ಟಿ ತಟ್ಟಿ ಕಿವಿಗೊಟ್ಟು ನೋಡಿದ. ಕೆಂಪು ಬಳಪ ತೆಗೆದು, ಸೋಫಾದ ಹಿಂದೆ, ನೆಲದ ಹತ್ತಿರ, ಚಿತ್ರವಿಲ್ಲದ ಜಾಗದಲ್ಲಿ ಒಂದೇ ಒಂದು ಗುರುತು ಹಾಕಿದ. "ಬೆಹೆನ್‌ಜೀ, ಕೆಂಪು ಎಲ್ಲಿದೆಯೋ ಅಲ್ಲಿ ಮಾತ್ರ ನಮ್ಮವರು ಕೊರೀತಾರೆ. ನಾಳೆ ಒಂದು ತೂತು, ಮುಗೀತು" ಎಂದು ನನ್ನ ಹೆಂಡತಿಗೆ ಮಾತು ಕೊಟ್ಟ. ಬೀಸೋ ದೊಣ್ಣೆ ತಪ್ಪಿತೆಂದು ಅವಳು ಅವತ್ತು ಎಷ್ಟೋ ದಿನದ ಮೇಲೆ ಹಾಡು ಗುನುಗುತ್ತ ಅಡುಗೆ ಮಾಡಿದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಫೋರ್‌ಮನ್ ವರ ಕೊಟ್ಟಿದ್ದ. ನಡುವೆ ಬಂದ ಪೂಜಾರಿ ನಮ್ಮವ್ವ.

ಮರುದಿನ ಶುಕ್ರವಾರ. ನಾವಿಬ್ಬರೂ ಕೆಲಸಕ್ಕೆ ಹೋದೆವು. ಗೋಪುರ, ತುಳಸಿ ಕಟ್ಟೆ ಇರುವ ಗೋಡೆಗೆ ಪೂಜೆಯಿಲ್ಲದೆ ಕಬ್ಬಿಣ ತಾಗಿಸುವುದೇ ಅಂತ ಅವ್ವನ ಮನಸ್ಸಿಗೆ ಬಂತು. ಮಿಂದು, ಮಡಿಯುಟ್ಟು, ಊದಿನಕಡ್ಡಿ ಹಚ್ಚಿ, ಗೋಪುರಕ್ಕೊಂದು, ಆನೆಗೊಂದು, ನವಿಲಿಗೊಂದು, ತೊಟ್ಟಿಲಿಗೊಂದು, ತುಳಸಿ ಕಟ್ಟೆಗೊಂದು ಅರಿಷಿಣ ಬೊಟ್ಟಿಟ್ಟು, ಅದರ ಮೇಲೆ ದುಂಡಗೆ ಕುಂಕುಮ ಹಚ್ಚಿದಳು.

ಅಂದು ಫೋರ್‌ಮನ್ ಹನ್ನೆರಡನೇ ಮಹಡಿಯಲ್ಲಿದ್ದ. ನಮ್ಮ ಮನೆಗೆ ಕಳಿಸಿದ್ದು ಅದೇ ಬೆಳಿಗ್ಗೆ ಕೆಲಸಕ್ಕೆ ಸೇರಿದ ಇಬ್ಬರನ್ನು. ಅವರು ಗೋಡೆ ನೋಡಿದರು. ಕೆಂಪು ಇದ್ದಲ್ಲಿ ಕೊರೆಯಬೇಕು ಎಂದಷ್ಟೇ ಅವರಿಗೆ ಹೇಳಿತ್ತು. ಕೆಂಪು ಐದು ಕಡೆ ಇತ್ತು, ಎದುರಿಗೇ. ಸೋಫಾದ ಹಿಂದೆ ಬಗ್ಗಿ ನೋಡುವ ತೊಂದರೆ ಯಾರು ತಗೊಳ್ಳುತ್ತಾರೆ?

ನಾವು ಬೆಳಗಿನ ಶಿಫ್ಟು ಮುಗಿಸಿ ಮಧ್ಯಾಹ್ನ ಬಂದಾಗ ಆನೆಯ ಹೊಟ್ಟೆಯಲ್ಲಿ, ಗೋಪುರದ ಬಾಗಿಲಲ್ಲಿ, ಎಲ್ಲದರ ನಡುಮಧ್ಯದಲ್ಲಿ ಅಚ್ಚುಕಟ್ಟಾಗಿ ಐದು ತೂತು. ಕೆಲಸದವರು ಹೋಗಿದ್ದರು. ಅವ್ವ ಮೂಲೆಯಲ್ಲಿ ಕೂತಿದ್ದಳು.

"ಅವ್ವಾ, ನೀ ನೋಡಕೋತ ಕುಂತಿದ್ದಿ ಏನ?" ಅಂದೆ.

"ಒಂದನೇದ್ದು ಕೊರದಾಗ, ಪೂಜಾ ಮಾಡಿದ್ದು ನೋಡಿ ಶಾಸ್ತ್ರಕ್ಕ ಅಲ್ಲೇ ಶುರು ಮಾಡ್ಯಾರ, ಪಾಪ ಛಲೋ ಹುಡುಗೂರು ಅಂದ್ಕೊಂಡ್ನಿ" ಅಂದಳು ಅವ್ವ. "ಐದನೇದ್ದು ಕೊರದಾಗ, ಶಾಸ್ತ್ರ ಸ್ವಲ್ಪ ಜಾಸ್ತಿ ಆತು ಅನಿಸ್ತು."

ಸ್ಕೂಲಿಂದ ಬಂದ ಮಗಳು ಗೋಡೆ ನೋಡಿ, ಅವ್ವನ ಕುಂಕುಮದ ಕೈ ನೋಡಿ, "ಅಜ್ಜೀ! ಯೂ ಗೇವ್ ದೆಮ್ ಅ ಮ್ಯಾಪ್!" ಎಂದು ಚೀರಿದಳು.

ನನ್ನ ಹೆಂಡತಿ ಗೋಡೆಯ ಹತ್ತಿರ ಹೋಗಿ ಆನೆಯ ಸೊಂಡಿಲ ಮೇಲೆ ಬೆರಳಾಡಿಸಿದಳು. ಅವ್ವ ತಲೆ ತಗ್ಗಿಸಿದಳು.

ಅಷ್ಟರಲ್ಲಿ ಸುದ್ದಿ ಕೇಳಿ ಫೋರ್‌ಮನ್ ಓಡಿ ಬಂದ. ಕೈಮುಗಿದು, "ತಪ್ಪಾಯ್ತು ಬೆಹೆನ್‌ಜೀ. ಎರಡೇ ದಾರಿ. ಮುಚ್ಚಿ ಬಿಳಿ ಬಣ್ಣ ಬಳೀತೀನಿ. ಇಲ್ಲಾ, ಐದಕ್ಕೂ ಸ್ವಿಚ್‌ಬಾಕ್ಸು ಇಟ್ಟು ಪ್ಲಗ್ ಪಾಯಿಂಟು ಕೊಡ್ತೀನಿ" ಅಂದ.

"ಬಿಳಿ ಬ್ಯಾಡ" ಅಂದಳು ನನ್ನ ಹೆಂಡತಿ, ಕನ್ನಡದಲ್ಲೇ.

ಅವನು ಸಂಜೆಯೊಳಗೆ ಐದು ಪಾಯಿಂಟು ಕೂರಿಸಿದ. ಇವಳು ಹೋಗಿ ಒಂದು ಪುಟ್ಟ ಪ್ಲಗ್ ದೀಪ ತಂದು ಗೋಪುರದ ಬಾಗಿಲಿಗೆ ಚುಚ್ಚಿದಳು. ಗರ್ಭಗುಡಿಯಲ್ಲಿ ದೀಪ ಹತ್ತಿತು. ತುಸು ಹೊತ್ತು ನೋಡಿದಳು. "ಇದೊಂದು ಕಡಿಮಿ ಇತ್ತು ನೋಡ್ರಿ" ಎಂದು ನಕ್ಕಳು. ಆ ನಗು ಕೇಳಿ ನನಗೆ ಕಣ್ಣು ತುಂಬಿತು. ಅವ್ವ ಸೊಸೆಯ ದೃಷ್ಟಿ ತೆಗೆದಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಕಟ್ಟಡದಲ್ಲಿ ಹಾಲಿಗೆ ಎರಡೇ ಪ್ಲಗ್ಗು ಕೊಡುವ ರೂಢಿ. ನಮ್ಮ ಒಂದೇ ಗೋಡೆಯಲ್ಲಿ ಐದು ನೋಡಿ ಕೆಳಗಿನ ಅಜ್ಜಿ ಬೆರಗಾದಳು. ಹೇಗೆ ಸಿಕ್ಕಿತು ಎಂದಳು. ಮಗಳು ಇದ್ದದ್ದು ಇದ್ದಂತೆ ಹೇಳಿಬಿಟ್ಟಳು. ಕೆಲಸ ಮುಗಿದ ಮನೆಗಳಿಗೂ ಹುಡುಗರು ಕೊನೆಯದೊಂದು ಸುತ್ತು ಬರುವುದಿತ್ತು. ಅಜ್ಜಿ ಅವ್ವನ ಮುಂದೆ ಅಂಗೈ ಚಾಚಿದಳು. ಕೇಳಿದವರಿಗೆ ಕುಂಕುಮ ಇಲ್ಲ ಅನ್ನಬಾರದೆಂದು ಅವ್ವ ಧಾರಾಳವಾಗಿ ಕೊಟ್ಟಳು. ಮರುದಿನ ಎದುರು ಮನೆಯವರು ಬಂದರು, ಸಂಜೆಗೆ ಲಿಫ್ಟಿನ ಹತ್ತಿರದ ಮನೆಯವರು. ಮೂರು ದಿನದಲ್ಲಿ ಯಾವ ಬಾಗಿಲು ತೆಗೆದರೂ ಗೋಡೆಗೆ ಕೆಂಪು ಬೊಟ್ಟು. ಒಬ್ಬರಂತೂ ಬಚ್ಚಲುಮನೆಯಲ್ಲೂ ಇಟ್ಟಿದ್ದರು.

ನಾಲ್ಕನೇ ದಿನ ಫೋರ್‌ಮನ್ ಬೆವರುತ್ತ ಬಂದು ಅವ್ವನ ಕಾಲಿಗೆ ಬಿದ್ದ. "ಮಾತಾಜಿ, ದಯವಿಟ್ಟು ಇನ್ನು ಯಾರಿಗೂ ಇದನ್ನ ಕೊಡಬೇಡಿ. ನನ್ನ ನೌಕರಿ ಹೋಗುತ್ತೆ."

ಅವನು ಹೇಳಿದ್ದನ್ನು ನಾನು ಕನ್ನಡ ಮಾಡುವ ಮೊದಲೇ ಅವ್ವನ ಕರುಳು ಚುರ್ ಎಂದಿತ್ತು. ಕಾಲಿಗೆ ಬಿದ್ದವನಿಗೆ ಆಶೀರ್ವಾದ ಮಾಡಬೇಕಲ್ಲ. ಕುಂಕುಮದ ಕರಡಿಗೆ ತೆಗೆದು, ಬೆರಳ ತುದಿಗೆ ಒಂದು ಚಿಟಿಕೆ ತಗೊಂಡು, ಅವನ ಹಣೆಯ ಕಡೆ ಕೈ ಚಾಚಿದಳು.

ಫೋರ್‌ಮನ್ ಎರಡೂ ಕೈಯಿಂದ ಹಣೆ ಮುಚ್ಚಿಕೊಂಡು ಬಾಗಿಲ ತನಕ ಹಿಂದೆ ಸರಿದ. "ಬೇಡ ಮಾತಾಜಿ! ಹೊರಗೆ ನಮ್ಮ ಹುಡುಗರು ಡ್ರಿಲ್ ಹಿಡಕೊಂಡು ನಿಂತಿದ್ದಾರೆ!"